ಎಂ.ಕೆ. ಹುಬ್ಬಳ್ಳಿಯಲ್ಲಿ ಒಂದು ಪುಸ್ತಕ ಬೇಕಾಗಿತ್ತು

ಬೆಳಗಾವಿ ಅಧಿವೇಶನ ಅಂದರೆ ನಮ್ಮಂಥ ಸುದ್ದಿವಾಹಿನಿಯವರಿಗೆ ಅದೊಂದು ಜಾತ್ರೆ. ಸುವರ್ಣ ವಿಧಾನಸೌಧದ ಸುತ್ತ ಓಬಿ ವ್ಯಾನುಗಳ ಸಾಲು, ಬೆಳಗ್ಗೆ ಪ್ರತಿಭಟನೆ, ಮಧ್ಯಾಹ್ನ ಸಭಾತ್ಯಾಗ, ಸಂಜೆ ಚರ್ಚೆ. ಆ ಗದ್ದಲ ಮುಗಿಸಿ ಒಂದು ರಾತ್ರಿ ಧಾರವಾಡದ ಕಡೆ ಹೊರಟಿದ್ದೆವು. ಮಲಪ್ರಭೆಯ ಹತ್ತಿರ ಬಂದಾಗ ಡ್ರೈವರ್‌ಗೆ ಚಹಾ ನೆನಪಾಯಿತು. ಹೆದ್ದಾರಿಯಿಂದ ಇಳಿದು ಎಂ.ಕೆ. ಹುಬ್ಬಳ್ಳಿಯಲ್ಲಿ ನಿಂತೆವು.

ಎಂ.ಕೆ. ಹುಬ್ಬಳ್ಳಿ ಅಂದರೆ ಮುಗುಟಖಾನ ಹುಬ್ಬಳ್ಳಿ. ಬೆಂಗಳೂರಿನವರಿಗೆ ಹುಬ್ಬಳ್ಳಿ ಒಂದೇ. ಕಿತ್ತೂರು ತಾಲ್ಲೂಕಿನ ಈ ಹುಬ್ಬಳ್ಳಿಯನ್ನು ಅವರು ಬೋರ್ಡಿನಲ್ಲಿ ಓದಿ ಗಲಿಬಿಲಿಯಾಗುತ್ತಾರೆ. ಸಕ್ಕರೆ ಕಾರ್ಖಾನೆ, ಕಬ್ಬಿನ ಟ್ರ್ಯಾಕ್ಟರು, ನದಿಯೊಳಗಿನ ಗಂಗಾಂಬಿಕೆಯ ಐಕ್ಯ ಮಂಟಪ, ಊರಿನ ಗುರುತು ಇಷ್ಟು.

ಚಹಾದ ಅಂಗಡಿಯಲ್ಲಿ ಒಬ್ಬ ಹಿರಿಯರು ನನ್ನನ್ನು ಗುರುತು ಹಿಡಿದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮಾಸ್ತರು. ಸೆಲ್ಫಿ ಕೇಳುತ್ತಾರೇನೋ ಅಂದುಕೊಂಡೆ. ಅವರು ಕೇಳಿದ್ದು ಬೇರೆ.

"ಸಾಹೇಬ್ರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಕೇಳ್ರಿ ಸರ್."

"ದಿನಾ ಟೀವ್ಯಾಗ ಎಲ್ಲಾದರ ರೇಟ್ ಹೇಳ್ತೀರಿ. ಬಂಗಾರದ ರೇಟ್, ಕಬ್ಬಿನ ರೇಟ್, ಎಣ್ಣಿ ರೇಟ್. ಒಂದು ಕನ್ನಡ ಪುಸ್ತಕ ಬೇಕಂದ್ರ ಎಲ್ಲಿಗೆ ಹೋಗ್ಬೇಕು ಅಂತ ಒಂದು ದಿನಾನೂ ಹೇಳಿಲ್ಲ ನೋಡ್ರಿ."

ನಾನು ನಕ್ಕೆ. ಅವರು ನಗಲಿಲ್ಲ. ವಿಷಯ ಇಷ್ಟು. ಅವರ ಮೊಮ್ಮಗಳು ಪ್ರತಿಭಾ ಕಾರಂಜಿಯಲ್ಲಿ ಶರಣೆಯರ ಬಗ್ಗೆ ಭಾಷಣ ಮಾಡಿ ಬಹುಮಾನ ತಂದಿದ್ದಳು. ಏನು ಬೇಕವ್ವಾ ಅಂತ ಕೇಳಿದರೆ, ಶರಣೆಯರ ವಚನಗಳು ಇರೋ ಪುಸ್ತಕ ಬೇಕು ಅಂದಳಂತೆ. ಮಾಸ್ತರು ತಾವು ನಲವತ್ತು ವರ್ಷ ವ್ಯವಹಾರ ಇಟ್ಟುಕೊಂಡಿದ್ದ ಪೇಟೆಯ ಅಂಗಡಿಗೆ ಬಸ್ಸು ಹತ್ತಿ ಹೋದರು. ಅಲ್ಲಿ ಈಗ ಮೊಬೈಲ್ ಕವರ್ ಮಾರುತ್ತಿದ್ದಾರೆ. ಊರಿನಲ್ಲಿ ಕೇಳಿದರೆ ನೋಟ್‌ಬುಕ್ಕು, ಗೈಡು ಮಾರುವ ಅಂಗಡಿ ತೋರಿಸಿದರು.

"ವಚನ ಮೊಬೈಲ್‌ನ್ಯಾಗ ಅದಾವಲ್ಲ ಸರ್," ಅಂದೆ.

"ಅದಾವ್ರಿ. ಆದ್ರ ಮೊಬೈಲ್ ಆಕಿ ಅಪ್ಪಂದು. ಪುಸ್ತಕ ಅಂದ್ರ ಆಕಿದು ಆಗತೈತಿ."

ಈ ಮಾತು ಧಾರವಾಡ ಮುಟ್ಟುವವರೆಗೂ ನನ್ನ ತಲೆಯಲ್ಲಿತ್ತು. ಕಾರಣ ಇದೆ. ಕನ್ನಡದ ಪುಸ್ತಕಗಳು ಉಳಿದ ಕಥೆಯೊಳಗೆ ಬರುವ ಊರಿನಲ್ಲೇ ನಿಂತು ಮಾಸ್ತರು ಆ ಪ್ರಶ್ನೆ ಕೇಳಿದ್ದರು.

ಹನ್ನೆರಡನೇ ಶತಮಾನಕ್ಕೆ ಹೋಗೋಣ. ಕಲ್ಯಾಣದಲ್ಲಿ ರಕ್ತ ಹರಿಯಿತು, ಶರಣರು ಚದುರಿದರು. ಬಿಜ್ಜಳನ ಸೈನ್ಯ ಬೆನ್ನು ಹತ್ತಿತ್ತು. ಚೆನ್ನಬಸವಣ್ಣನ ಮುಂದಾಳತ್ವದಲ್ಲಿ ಒಂದು ಗುಂಪು ವಚನದ ಓಲೆಗರಿಗಳ ಕಟ್ಟು ಹೊತ್ತುಕೊಂಡು ಉಳವಿಯ ಕಾಡಿನತ್ತ ನಡೆಯಿತು. ದಾರಿಯಲ್ಲಿ ಕಾದರವಳ್ಳಿಯ ಹತ್ತಿರ ಕಾಳಗ ಆಯಿತು. ಬಸವಣ್ಣನವರ ಪತ್ನಿ ಗಂಗಾಂಬಿಕೆ ಈ ಮಲಪ್ರಭೆಯ ದಂಡೆಯಲ್ಲಿ ಐಕ್ಯಳಾದಳು. ಶರಣ ಪರಂಪರೆ ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ ಕಥೆ ಇದು. ಇದರಲ್ಲಿ ಇತಿಹಾಸ ಎಷ್ಟು, ನಂಬಿಕೆ ಎಷ್ಟು ಅಂತ ವಿದ್ವಾಂಸರು ವಾದ ಮಾಡಲಿ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಈ ಭಾಗದ ಜನ ತಮ್ಮ ಊರಿನ ಹೆಮ್ಮೆ ಅಂತ ನೆನಪಿಟ್ಟುಕೊಂಡದ್ದು ಯಾವ ಸಾಮ್ರಾಜ್ಯವನ್ನು ಗೆದ್ದ ಕಥೆಯನ್ನೂ ಅಲ್ಲ. ಬರೆದದ್ದನ್ನು ಹೊತ್ತು ನಡೆದವರ ಕಥೆಯನ್ನು.

ಹೊತ್ತವರು ಇದ್ದದ್ದಕ್ಕೇ ವಚನ ಉಳಿಯಿತು. ಆಮೇಲೆ ಏನಾಯಿತು? ಶತಮಾನಗಳ ಕಾಲ ಆ ಓಲೆಗಳು ಮಠದ ಮಾಡಿನಲ್ಲಿ, ಮನೆಯ ಜಗಲಿಯಲ್ಲಿ, ಅರಿವೆಯಲ್ಲಿ ಸುತ್ತಿಕೊಂಡು ಕೂತವು. ಪೂಜೆ ನಡೆಯಿತು. ಓದು ಕೆಲವೇ ಜನರ ಪಾಲಿಗೆ ಉಳಿಯಿತು.

ಅವನ್ನು ಬಿಚ್ಚಿ ಜನರ ಕೈಗೆ ಕೊಟ್ಟವರು ಯಾರು? ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿಕೆ ಮಾಡಿದವರು. ಊರೂರು ಅಲೆದು ಓಲೆಗರಿ ಸಂಗ್ರಹಿಸಿದರು, ಪಾಠ ಹೋಲಿಸಿದರು, ಬರೆದುಕೊಂಡರು. ಮುದ್ರಿಸೋದು ಎಲ್ಲಿ? ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ವಾಪಸ್ ಬಂತು. ಕೊನೆಗೆ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಅಚ್ಚಾಯಿತು. ಎರಡು ವರ್ಷದ ನಂತರ ಇದ್ದ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ವಕೀಲರು ಮನೆ ಕಟ್ಟಿಸೋದು ಕೇಳಿದ್ದೇವೆ. ಪುಸ್ತಕ ಅಚ್ಚು ಹಾಕೋಕೆ ಮನೆ ಮಾರಿದ ವಕೀಲರು ಎಷ್ಟು ಜನ ಇದ್ದಾರೆ, ಹೇಳಿ?

ಅಂದರೆ ಪುಸ್ತಕಕ್ಕೆ ಬರೆಯುವವರು ಇದ್ದರೆ ಸಾಲದು. ಅಚ್ಚು ಹಾಕುವ ಧೈರ್ಯ ಒಬ್ಬರಿಗೆ ಬೇಕು. ಹೊತ್ತುಕೊಂಡು ಹೋಗಿ ಓದುಗನ ಕೈಗೆ ಮುಟ್ಟಿಸುವ ಕಾಲು ಇನ್ನೊಬ್ಬರಿಗೆ ಬೇಕು. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಮೊದಲನೆಯವರಿಗೆ ಅಧ್ಯಾಯಗಳಿವೆ, ಎರಡನೆಯವರಿಗೆ ಪ್ಯಾರಾಗಳಿವೆ. ಮೂರನೆಯವರಿಗೆ ಅಡಿಟಿಪ್ಪಣಿಯೂ ಇಲ್ಲ. ಇವತ್ತು ನಾನು ಹೇಳಬೇಕಾದದ್ದು ಆ ಮೂರನೆಯವರ ಕಥೆ.

ಹತ್ತೊಂಬತ್ತನೇ ಶತಮಾನದ ಕೊನೆಯ ಬೆಳಗಾವಿ, ಧಾರವಾಡ ನೆನೆಸಿಕೊಳ್ಳಿ. ಮುಂಬೈ ಆಡಳಿತ. ಕಚೇರಿಯಲ್ಲಿ ಮರಾಠಿ, ಓದಿದವರ ಮನೆಯಲ್ಲೂ ಮರಾಠಿ ಪುಸ್ತಕ. ಕನ್ನಡದಲ್ಲಿ ಬರೆದರೆ ಓದುವವರು ಯಾರು ಅನ್ನುವ ಕಾಲ. 1890ರ ಜುಲೈ 20ರಂದು ಧಾರವಾಡದಲ್ಲಿ ರಾ.ಹ. ದೇಶಪಾಂಡೆ ಮತ್ತು ಗೆಳೆಯರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಇವತ್ತು ನಮಗೆ ಆ ಸಂಘ ಅಂದರೆ ಏಕೀಕರಣ, ಗೋಕಾಕ್ ಚಳವಳಿ ನೆನಪಾಗುತ್ತದೆ. ಸಂಘ ಹುಟ್ಟಿದಾಗ ಕೈಗೆತ್ತಿಕೊಂಡ ಕೆಲಸ ಬಹಳ ಸರಳವಾದದ್ದು: ಒಳ್ಳೆಯ ಕನ್ನಡ ಪುಸ್ತಕ ಬರೆದವರಿಗೆ ಬಹುಮಾನ ಕೊಡೋದು, ಪುಸ್ತಕ ಹೊರಬರುವಂತೆ ನೋಡಿಕೊಳ್ಳೋದು. ಕರ್ನಾಟಕ ಎನ್ನುವ ರಾಜ್ಯದ ಕನಸು ಬೀದಿಗೆ ಬರುವ ಮೊದಲು ಪುಸ್ತಕದ ಚಿಂತೆ ಬಂದಿತ್ತು.

ಅದೇ ಕಾಲದಲ್ಲಿ ಬಂದವರು ಗಳಗನಾಥರು. ನಿಜ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹಾವೇರಿ ಸೀಮೆಯವರು. ಮರಾಠಿಯಲ್ಲಿ ಹರಿ ನಾರಾಯಣ ಆಪ್ಟೆ ಕಾದಂಬರಿ ಬರೆದು ಜನರನ್ನು ಹುಚ್ಚು ಹಿಡಿಸಿದ್ದನ್ನು ನೋಡಿ, ಕನ್ನಡದವರಿಗೂ ಕಾದಂಬರಿ ಓದುವ ರುಚಿ ಹತ್ತಿಸಬೇಕು ಅಂತ ಹೊರಟವರು. ಅನುವಾದ ಮಾಡಿದರು, ಸ್ವಂತ ಬರೆದರು, ಅಗಡಿಯಿಂದ ಹೊರಟ 'ಸದ್ಬೋಧ ಚಂದ್ರಿಕೆ'ಗೆ ದುಡಿದರು. ವಿಜಯನಗರದ ಹುಟ್ಟಿನ ಮೇಲೆ 'ಮಾಧವ ಕರುಣಾವಿಲಾಸ' ಬರೆದರು. ಬರೆದು ಸುಮ್ಮನೆ ಕೂತರಾ? ಇಲ್ಲ. ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಆ ನೆನಪು ಉತ್ತರ ಕರ್ನಾಟಕದ ಹಳೆಯ ತಲೆಮಾರಿನ ಬಾಯಲ್ಲಿ ಇವತ್ತಿಗೂ ಇದೆ. ಕನ್ನಡ ಕಾದಂಬರಿಯ ಪಿತಾಮಹ ಅಂತ ಕರೆಸಿಕೊಂಡವರು ತಮ್ಮ ಪುಸ್ತಕಕ್ಕೆ ತಾವೇ ಅಂಗಡಿ, ತಾವೇ ಹಮಾಲಿ. 1942ರಲ್ಲಿ ತೀರಿಕೊಂಡರು.

ದಕ್ಷಿಣದಲ್ಲಿ ಜಿ.ಪಿ. ರಾಜರತ್ನಂ ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಸಭೆ ಸಭೆಗೆ ಹೋಗಿ ಮಾರಿದರು. ಹುಬ್ಬಳ್ಳಿಯಲ್ಲಿ ಶುರುವಾಗಿ ಬೆಂಗಳೂರಿಗೆ ಹೋದ ಸಾಹಿತ್ಯ ಭಂಡಾರದ ಗೋವಿಂದರಾಯರೂ ಹೀಗೇ ಪುಸ್ತಕ ಹೊತ್ತು ತಿರುಗಿ ಬೆಳೆದವರು. ಮುಂದೆ ಎಸ್.ಎಲ್. ಭೈರಪ್ಪನವರ ಕಾದಂಬರಿಗಳನ್ನು ಮನೆಮನೆಗೆ ಮುಟ್ಟಿಸಿದ್ದು ಇದೇ ಸಾಹಿತ್ಯ ಭಂಡಾರ. ಭೈರಪ್ಪನವರಿಗೆ ಸಿಕ್ಕಷ್ಟು ಓದುಗರು ಕನ್ನಡದಲ್ಲಿ ಬಹಳ ಜನಕ್ಕೆ ಸಿಗಲಿಲ್ಲ. ಅದರ ಹಿಂದೆ ಲೇಖಕನ ಶಕ್ತಿ ಇತ್ತು, ನಿಜ. ಪುಸ್ತಕ ಮುಗಿದಾಗ ಮತ್ತೆ ಅಚ್ಚು ಹಾಕುವ, ಅಂಗಡಿಯಲ್ಲಿ ಸದಾ ಇರುವಂತೆ ನೋಡಿಕೊಳ್ಳುವ ಒಂದು ಮನೆಯೂ ಇತ್ತು.

ಈಗ ಧಾರವಾಡದ ಸುಭಾಷ್ ರಸ್ತೆಗೆ ಬನ್ನಿ. ಒಂದು ಮಾಳಿಗೆ. ಧಾರವಾಡದವರ ಬಾಯಲ್ಲಿ ಅದು 'ಅಟ್ಟ'. ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಗದಗ ಸೀಮೆಯ ಹೊಂಬಳದ ಜಿ.ಬಿ. ಜೋಶಿ ಇದನ್ನು ಶುರು ಮಾಡಿದರು. 'ಜಡಭರತ' ಅನ್ನುವ ಹೆಸರಿನಲ್ಲಿ ನಾಟಕ ಬರೆದವರು ಇವರೇ. ಬಂಡವಾಳ ಎಲ್ಲಿಂದ? ಓದುಗರಿಂದ! ಚಂದಾದಾರರಾಗಿ ಮುಂಗಡ ಕೊಟ್ಟರೆ ವರ್ಷಕ್ಕೆ ಇಷ್ಟು ಪುಸ್ತಕ ಮನೆಗೆ ಬರುತ್ತವೆ. ಯಾವ ಪುಸ್ತಕ ಅಂತ ಓದುಗನಿಗೆ ಮೊದಲೇ ಗೊತ್ತಿಲ್ಲ. ಜೋಶಿಯವರ ಆಯ್ಕೆಯ ಮೇಲೆ ನಂಬಿಕೆ, ಅಷ್ಟೇ. ಪೋಸ್ಟ್‌ಮನ್ ತಂದ ಕಟ್ಟು ಬಿಚ್ಚಿದರೆ ಒಳಗೆ ಹೊಸ ಲೇಖಕ.

ಈ ನಂಬಿಕೆಯ ಬೆಲೆ ಏನು ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ. 1960ರಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಆಕ್ಸ್‌ಫರ್ಡಿಗೆ ಹೊರಟಿದ್ದ. ಹೆಸರು ಗಿರೀಶ ಕಾರ್ನಾಡ. ಇಂಗ್ಲಿಷ್ ಕವಿಯಾಗಬೇಕು ಅಂತ ಆಸೆ. ಹೊರಡುವ ಮುಂಚಿನ ದಿನಗಳಲ್ಲಿ ಕನ್ನಡದಲ್ಲಿ ಒಂದು ನಾಟಕ ಬರೆದಿದ್ದ. ಅದು ಅಟ್ಟಕ್ಕೆ ಹೋಯಿತು. ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿ ಇದ್ದರು, ಓದಿದರು, ತಿದ್ದುಪಡಿ ಸೂಚಿಸಿದರು. 1961ರಲ್ಲಿ 'ಯಯಾತಿ' ಪುಸ್ತಕವಾಗಿ ಬಂತು. ಹೆಸರಿಲ್ಲದ ಹುಡುಗನ ಮೊದಲ ನಾಟಕವನ್ನು ಸ್ವಂತ ಹಣ ಹಾಕಿ ಅಚ್ಚು ಹಾಕಿದ ಆ ಜೋಶಿಯವರು ಇಲ್ಲದಿದ್ದರೆ? ಕಾರ್ನಾಡರು ಇಂಗ್ಲೆಂಡಿನಲ್ಲೇ ಉಳಿಯುವ ಸಾಧ್ಯತೆ ಇತ್ತು ಅನ್ನೋದನ್ನು ಅವರೇ ಹೇಳಿಕೊಂಡಿದ್ದಾರೆ. 1964ರಲ್ಲಿ 'ತುಘಲಕ್', 1971ರಲ್ಲಿ 'ಹಯವದನ' ಬಂದದ್ದೂ ಇದೇ ಅಟ್ಟದಿಂದ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ, ಎ.ಕೆ. ರಾಮಾನುಜನ್ನರ 'ಹೊಕ್ಕುಳಲ್ಲಿ ಹೂವಿಲ್ಲ' 1969ರಲ್ಲಿ. ಹತ್ತು ವರ್ಷದೊಳಗೆ ಒಂದು ಮಾಳಿಗೆಯಿಂದ ಇಷ್ಟು! 2011ರಲ್ಲಿ ಕಾರ್ನಾಡರು ಆತ್ಮಕಥೆ ಬರೆದಾಗ ದೇಶದ ಯಾವ ದೊಡ್ಡ ಪ್ರಕಾಶಕನಾದರೂ ಬಾಗಿಲಿಗೆ ಬರುತ್ತಿದ್ದ. 'ಆಡಾಡತ ಆಯುಷ್ಯ' ಹೋದದ್ದು ಅದೇ ಅಟ್ಟಕ್ಕೆ.

ಇಂಥದ್ದು ಧಾರವಾಡದಲ್ಲಿ ಮಾತ್ರ ಆಯಿತು ಅಂತ ತಿಳಿಯಬೇಡಿ. ಪ್ಯಾರಿಸ್ಸಿನಲ್ಲಿ ಸಿಲ್ವಿಯಾ ಬೀಚ್ ಅನ್ನುವ ಹೆಣ್ಣುಮಗಳು 'ಶೇಕ್ಸ್‌ಪಿಯರ್ ಅಂಡ್ ಕಂಪನಿ' ಎಂಬ ಚಿಕ್ಕ ಪುಸ್ತಕದ ಅಂಗಡಿ ಇಟ್ಟಿದ್ದಳು. ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕಾದಂಬರಿಯನ್ನು ಅಶ್ಲೀಲ ಅಂತ ಮುಟ್ಟೋಕೆ ಪ್ರಕಾಶಕರು ಹೆದರಿದಾಗ, 1922ರ ಫೆಬ್ರವರಿ 2ರಂದು ಅದನ್ನು ಪ್ರಕಟಿಸಿದ್ದು ಆ ಅಂಗಡಿ. ದೊಡ್ಡವರು ಲೆಕ್ಕ ಹಾಕಿ ಹಿಂದೆ ಸರಿದ ಕಡೆ ಚಿಕ್ಕ ಅಂಗಡಿಯವಳು ಮುಂದೆ ಬಂದಳು.

ಇಲ್ಲಿ ಒಂದು ಮಾತು. ಪುಸ್ತಕದ ಅಂಗಡಿ ಅಂದರೆ ಜ್ಞಾನಪೀಠದವರ ಸ್ವತ್ತು ಅಂದುಕೊಂಡರೆ ತಪ್ಪಾಗುತ್ತದೆ. ಗದಗಿನ ಪಿ.ಸಿ. ಶಾಬಾದಿಮಠ ಬುಕ್ ಡಿಪೋ ನೆನಪಿದೆಯಾ? ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಹುಟ್ಟಿದವರಿಗೆ ಹೆಸರು ಕೇಳಿದ ಕೂಡಲೇ ತೆಳ್ಳನೆಯ ನಾಟಕದ ಪುಸ್ತಕಗಳು ಕಣ್ಣಮುಂದೆ ಬರುತ್ತವೆ. ಜಾತ್ರೆಗೆ ನಾಟಕ ಆಡಬೇಕು ಅಂದರೆ ಊರ ಹುಡುಗರು ಮೊದಲು ಮಾಡುವ ಕೆಲಸ ನಾಟಕದ ಪುಸ್ತಕ ತರೋದು. ಪಾತ್ರ ಎಷ್ಟು, ಸ್ತ್ರೀ ಪಾತ್ರ ಎಷ್ಟು, ಹಾಸ್ಯ ಇದೆಯೋ ಇಲ್ಲವೋ, ಅಂಗಡಿಯವರಿಗೆ ಎಲ್ಲ ಗೊತ್ತು. ಸಾಹಿತ್ಯ ಸಮ್ಮೇಳನದ ವೇದಿಕೆ ಹತ್ತದ ಎಷ್ಟೋ ನಾಟಕಕಾರರಿಗೆ ಅಚ್ಚಿನ ಭಾಗ್ಯ ಕೊಟ್ಟದ್ದು, ಅವರ ಮಾತನ್ನು ಸಾವಿರಾರು ಜನರ ಮುಂದೆ ಆಡಿಸಿದ್ದು ಇಂಥ ಪುಸ್ತಕ ವ್ಯಾಪಾರ. ಜಾತ್ರೆಯಲ್ಲಿ ಚಾಪೆ ಹಾಸಿ ಪಂಚಾಂಗ, ತತ್ವಪದ, ಭಜನೆ ಪದ, ಪುರಾಣದ ಪುಸ್ತಕ ಮಾರುತ್ತಿದ್ದವರನ್ನೂ ಇದೇ ಸಾಲಿಗೆ ಸೇರಿಸಿ. ಓದು ಬರಹ ಆಗತಾನೇ ಕಲಿತ ಹಳ್ಳಿಯ ಮನೆಗೆ ಮೊದಲ ಪುಸ್ತಕ ಹೋದದ್ದು ಹೀಗೆ.

ಹಾಗಾದರೆ ಈ ಅಂಗಡಿಗಳು ಮಾಡುತ್ತಿದ್ದ ಕೆಲಸ ಏನು? ನಾನು ಮೂರು ಅಂತ ಎಣಿಸುತ್ತೇನೆ.

ಒಂದು, ಓದುಗನಿಗೆ ಗೊತ್ತಿಲ್ಲದ ಪುಸ್ತಕವನ್ನು ತೋರಿಸೋದು. ಬೆಂಗಳೂರಿನಲ್ಲಿ ಪ್ರೀಮಿಯರ್ ಬುಕ್‌ಶಾಪ್ ಅಂತ ಇತ್ತು, 1971ರಿಂದ 2009ರವರೆಗೆ. ಟಿ.ಎಸ್. ಶಾನಭಾಗರದ್ದು. ಕಾಲಿಡೋಕೆ ಜಾಗ ಇಲ್ಲದಷ್ಟು ಪುಸ್ತಕದ ರಾಶಿ. ಯಾವ ರಾಶಿಯ ಕೆಳಗೆ ಏನಿದೆ ಅಂತ ಅವರಿಗೆ ಬಾಯಿಪಾಠ. ಯಾವ ಗಿರಾಕಿಗೆ ಏನು ಇಷ್ಟ ಅನ್ನೋದೂ ಬಾಯಿಪಾಠ. ರಾಮಚಂದ್ರ ಗುಹಾ ಅಂಥ ಇತಿಹಾಸಕಾರರು ಅವರ ಬಗ್ಗೆ ಬರೆದಿದ್ದಾರೆ. 2021ರಲ್ಲಿ ಕೋವಿಡ್ ಕಾಲದಲ್ಲಿ ಶಾನಭಾಗರು ಹೋದಾಗ ಊರಿಗೆ ಊರೇ ಮನೆಯವರನ್ನು ಕಳಕೊಂಡ ಹಾಗೆ ದುಃಖಪಟ್ಟಿತು. ಒಬ್ಬ ಅಂಗಡಿಯವರಿಗೆ!

ಎರಡು, ಲೇಖಕನಿಗೆ ಜಾಗ ಕೊಡೋದು. ಬೈಲಹೊಂಗಲದ ಕಡೆಯ ಒಬ್ಬ ಯುವಕವಿ ಐನೂರು ಪ್ರತಿ ಅಚ್ಚು ಹಾಕಿಸಿದ ಅಂತ ಇಟ್ಟುಕೊಳ್ಳಿ. ಅವನು ಅಂಗಡಿಗೆ ಹೋಗಿ ಇಪ್ಪತ್ತೈದು ಪ್ರತಿ ಇಟ್ಟು ಬರುತ್ತಾನೆ. ಮಾರಾಟವಾದರೆ ನೂರಕ್ಕೆ ಮೂವತ್ತೋ ನಲವತ್ತೋ ರೂಪಾಯಿ ಅಂಗಡಿಗೆ, ಉಳಿದದ್ದು ಅವನಿಗೆ. ಆ ಇಪ್ಪತ್ತೈದು ಪ್ರತಿ ಬೇಂದ್ರೆಯವರ ಪುಸ್ತಕದ ಪಕ್ಕ ಕೂರುತ್ತವೆ. ಬೇಂದ್ರೆ ಕೊಳ್ಳೋಕೆ ಬಂದವನು ಪಕ್ಕದ ಪುಸ್ತಕವನ್ನೂ ತಿರುವಿ ನೋಡುತ್ತಾನೆ. ಹೊಸ ಕವಿಗೆ ಅಪರಿಚಿತ ಓದುಗ ಸಿಗೋದು ಹೀಗೆ. ಬಿಡುಗಡೆ ಸಮಾರಂಭದಲ್ಲಿ ಸಿಗುವವರೆಲ್ಲ ಬೀಗರು, ಗೆಳೆಯರು.

ಮೂರು, ಜನ ಕೂಡೋದು. ಅಟ್ಟದಲ್ಲಿ ಚಹಾ ಕುಡಿಯುತ್ತಾ ನಡೆದ ಜಗಳಗಳೇ ಒಂದು ವಿಶ್ವವಿದ್ಯಾಲಯ ಅಂತ ಧಾರವಾಡದವರು ಹೇಳುತ್ತಾರೆ. ಬರೆದವನು ಎದುರಿಗೆ ಕೂತಿರುತ್ತಾನೆ, ಓದಿದವನು ಎದ್ದು ನಿಂತು ನಿಮ್ಮ ನಾಟಕದ ಎರಡನೇ ಅಂಕ ಜಮಾಯಿಸಿಲ್ರೀ ಅನ್ನುತ್ತಾನೆ. ಹಾಗೆ ಮುಖಕ್ಕೆ ಹೇಳಿಸಿಕೊಂಡ ಲೇಖಕ ಮುಂದಿನ ನಾಟಕ ಚೆನ್ನಾಗಿ ಬರೆಯುತ್ತಾನೆ.

ಹಾಗಿದ್ದರೆ ಕೆಟ್ಟದ್ದು ಎಲ್ಲಿ?

ಎಲ್ಲರೂ ಮೊದಲು ಬೈಯೋದು ಆನ್‌ಲೈನ್ ಕಂಪನಿಗಳನ್ನು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು, ಪುಸ್ತಕ ಮಾರುತ್ತಾ ಹುಟ್ಟಿತು. ಅಮೆಜಾನ್ ಅಮೆರಿಕದಲ್ಲಿ 1995ರಲ್ಲಿ ಶುರುವಾದದ್ದೂ ಪುಸ್ತಕದಿಂದಲೇ, 2013ರಲ್ಲಿ ಭಾರತಕ್ಕೆ ಬಂತು. ಪುಸ್ತಕವನ್ನು ಮೆಟ್ಟಿಲು ಮಾಡಿಕೊಂಡು ಹತ್ತಿದವರು ಈಗ ಫ್ರಿಡ್ಜ್, ಫೋನು, ಗೋಧಿಹಿಟ್ಟು ಎಲ್ಲ ಮಾರುತ್ತಾರೆ. ಪುಸ್ತಕದಲ್ಲಿ ನಷ್ಟ ಆದರೂ ಫೋನಿನಲ್ಲಿ ತುಂಬಿಕೊಳ್ಳಬಹುದು. ಪುಸ್ತಕ ಬಿಟ್ಟು ಬೇರೇನೂ ಮಾರದ ಅಂಗಡಿಯವನು ಆ ರಿಯಾಯಿತಿಗೆ ರಿಯಾಯಿತಿ ಕೊಟ್ಟರೆ ಬಾಡಿಗೆ ಕಟ್ಟೋದು ಎಲ್ಲಿಂದ?

ಆದರೆ ನ್ಯಾಯವಾಗಿ ಮಾತಾಡೋಣ. ಎಂ.ಕೆ. ಹುಬ್ಬಳ್ಳಿಯ ಮಾಸ್ತರಿಗೆ ಪುಸ್ತಕದ ಹೆಸರು ಗೊತ್ತಿದ್ದರೆ, ಫೋನಿನಲ್ಲಿ ಒತ್ತಿದರೆ ನಾಲ್ಕು ದಿನದಲ್ಲಿ ಮನೆಗೆ ಬರುತ್ತದೆ. ಅದು ಸಣ್ಣ ಅನುಕೂಲ ಅಲ್ಲ. ಗಳಗನಾಥರು ಬದುಕಿದ್ದರೆ ತಲೆಯ ಮೇಲಿನ ಗಂಟು ಇಳಿಸಿ ಸಂತೋಷಪಡುತ್ತಿದ್ದರು. ತೊಂದರೆ ಇರೋದು "ಹೆಸರು ಗೊತ್ತಿದ್ದರೆ" ಅನ್ನುವ ಮಾತಿನಲ್ಲಿ. ಹೈಸ್ಕೂಲ್ ಹುಡುಗಿಗೆ ಯಾವ ಸಂಪಾದನೆ ಸರಿ, ಅರ್ಥ ಕೊಟ್ಟದ್ದು ಯಾವುದು, ಅಕ್ಷರ ದೊಡ್ಡದಿರೋದು ಯಾವುದು ಅನ್ನೋದನ್ನು ತೆರೆದು ತೋರಿಸಿ ಹೇಳುವವರು ಬೇಕು. ಫೋನು ತೋರಿಸೋದು ಹೆಚ್ಚು ಮಾರಾಟವಾದದ್ದನ್ನು. ಐನೂರು ಪ್ರತಿಯ ಕವಿ ಅಲ್ಲಿ ಕಾಣೋದೇ ಕಷ್ಟ.

ಅಂಗಡಿಯವರ ತಪ್ಪೂ ಇದೆ, ಮುಚ್ಚಿಡಬಾರದು. ಲೇಖಕ ಇಟ್ಟು ಬಂದ ಪ್ರತಿಗಳ ಲೆಕ್ಕ ವರ್ಷಗಟ್ಟಲೆ ಕೊಡದವರು ಇದ್ದಾರೆ. ಪ್ರಕಾಶಕರಲ್ಲಿ ಒಂದಷ್ಟು ಜನ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಪುಸ್ತಕ ಮಾಡುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಒಳ್ಳೆಯ ಕಾಯ್ದೆ. ನಾವು ಆಸ್ತಿ ತೆರಿಗೆ ಕಟ್ಟುವಾಗ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆದರೆ ಇಲಾಖೆ ಕೊಂಡರೆ ಸಾಕು ಅಂತ ಆದ ಮೇಲೆ ಓದುಗನ ಹಂಗು ಯಾಕೆ? ಅಂಗಡಿಗೆ ಪುಸ್ತಕ ಕಳಿಸುವ ತ್ರಾಸು ಯಾಕೆ? ಹೀಗೆ ಅಚ್ಚಾದ ಪುಸ್ತಕ ಗೋದಾಮಿನಿಂದ ಕಪಾಟಿಗೆ ಹೋಗುತ್ತದೆ, ಪೇಟೆಯ ಗಾಳಿಯನ್ನೇ ಕಾಣೋದಿಲ್ಲ. ಕಾಲಕ್ಕೆ ಸರಿಯಾಗಿ ಆ ಖರೀದಿ ನಡೆಯದಿದ್ದರೆ ಚಿಕ್ಕ ಪ್ರಕಾಶಕ ಸಾಲದಲ್ಲಿ ಬೀಳುತ್ತಾನೆ.

ಇನ್ನೊಂದು ಏಟು ಬಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ನಮ್ಮ ಚಾನೆಲ್ಲಿನಲ್ಲೂ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಪುಸ್ತಕ ಕಳಿಸೋಕೆ ಅಂಚೆಯಲ್ಲಿ ಕಡಿಮೆ ದರದ ನೋಂದಾಯಿತ ಪುಸ್ತಕ ಅಂಚೆ ಅಂತ ಒಂದು ವ್ಯವಸ್ಥೆ ಇತ್ತು. ಹಳ್ಳಿಯ ಓದುಗನನ್ನು ಪೇಟೆಯ ಅಂಗಡಿಗೆ ಕಟ್ಟಿದ ದಾರ ಅದು. 2024ರ ಡಿಸೆಂಬರ್‌ನಲ್ಲಿ ಆ ಸೇವೆ ಏಕಾಏಕಿ ನಿಂತಿತು. ಚಿಕ್ಕ ಪ್ರಕಾಶಕರು ಬೊಬ್ಬೆ ಹಾಕಿದರು. 2025ರ ಮೇ ತಿಂಗಳಿಂದ 'ಜ್ಞಾನ ಪೋಸ್ಟ್' ಅನ್ನುವ ಹೆಸರಿನಲ್ಲಿ ಬೇರೊಂದು ಸೇವೆ ಬಂದಿದೆ. ಬಂದದ್ದು ಒಳ್ಳೆಯದೇ. ಆದರೆ ಪುಸ್ತಕದ ಅಂಚೆ ನಿಂತ ಸುದ್ದಿ ಸಂಜೆಯ ಒಂದು ಚರ್ಚೆಗೂ ಯೋಗ್ಯ ಅಂತ ನಮಗೆ ಅನ್ನಿಸಲಿಲ್ಲವಲ್ಲ, ಮಾಸ್ತರು ಕೇಳಿದ ಪ್ರಶ್ನೆ ಅದೇ ಅಲ್ಲವೇ?

ಬೇರೆಯವರು ಏನು ಮಾಡಿದರು? ಫ್ರಾನ್ಸ್ ನೋಡಿ. 1981ರ ಆಗಸ್ಟ್ 10ರಂದು ಅಲ್ಲಿ ಒಂದು ಕಾನೂನು ಬಂತು. ಜಾಕ್ ಲಾಂಗ್ ಅನ್ನುವ ಸಂಸ್ಕೃತಿ ಸಚಿವರು ತಂದದ್ದು. ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕ ಗೊತ್ತು ಮಾಡುತ್ತಾನೆ, ಯಾರೂ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವ ಹಾಗಿಲ್ಲ. ದೊಡ್ಡ ಮಳಿಗೆಯಾಗಲಿ, ಹಳ್ಳಿಯ ಅಂಗಡಿಯಾಗಲಿ, ಒಂದೇ ಬೆಲೆ. ಆನ್‌ಲೈನ್ ಬಂದಾಗ ಉಚಿತ ಡೆಲಿವರಿ ಅನ್ನುವ ಹಿಂಬಾಗಿಲು ಸಿಕ್ಕಿತು. 2023ರ ಅಕ್ಟೋಬರ್‌ನಿಂದ ಅದನ್ನೂ ಮುಚ್ಚಿದರು. 35 ಯೂರೋ ಒಳಗಿನ ಪುಸ್ತಕದ ಆರ್ಡರಿಗೆ ಕನಿಷ್ಠ 3 ಯೂರೋ ಸಾಗಾಣಿಕೆ ತೆಗೆದುಕೊಳ್ಳಲೇಬೇಕು. ಹಾಗಂತ ಅದೇ ಕಾನೂನು ನಮ್ಮಲ್ಲೂ ಬರಲಿ ಅಂತ ನಾನು ಕಣ್ಣುಮುಚ್ಚಿ ಹೇಳೋದಿಲ್ಲ. ನಮ್ಮ ಓದುಗನ ಜೇಬು ಬೇರೆ. ಆದರೆ ಅಲ್ಲಿಯ ಸರ್ಕಾರ ಪುಸ್ತಕವನ್ನು ಸಾಬೂನಿನ ಲೆಕ್ಕದಲ್ಲಿ ಹಿಡಿಯಲಿಲ್ಲ ಅನ್ನೋದನ್ನು ಗಮನಿಸಿ.

ನಮ್ಮಲ್ಲಿ ಪಂಚಾಯತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರ ಮಕ್ಕಳ ದಿನಾಚರಣೆಯಂದು 'ಓದುವ ಬೆಳಕು' ಅಭಿಯಾನ ಶುರುವಾಗಿ ಹಳ್ಳಿಯ ಮಕ್ಕಳು ಸದಸ್ಯರಾದರು. ಬಹಳ ಒಳ್ಳೆಯ ಕೆಲಸ. ಅದರ ಜೊತೆ ಇನ್ನೊಂದು ಸಣ್ಣ ಕೆಲಸ ಆಗಬಹುದು. ಆ ಕೇಂದ್ರಗಳಿಗೆ ಬೇಕಾದ ಪುಸ್ತಕದಲ್ಲಿ ಒಂದು ಪಾಲನ್ನು ಆಯಾ ಜಿಲ್ಲೆಯ ಪುಸ್ತಕದ ಅಂಗಡಿಯಿಂದಲೇ ಕೊಳ್ಳಲಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಬಸ್ ನಿಲ್ದಾಣಗಳಲ್ಲಿ ಒಂದೊಂದು ಮಳಿಗೆಯನ್ನು ಕಡಿಮೆ ಬಾಡಿಗೆಗೆ ಕನ್ನಡ ಪುಸ್ತಕಕ್ಕೆ ಮೀಸಲಿಡಲಿ. ಗಂಗಾಂಬಿಕೆಯ ಜಾತ್ರೆಗೆ, ಯಲ್ಲಮ್ಮನ ಜಾತ್ರೆಗೆ, ಕಿತ್ತೂರು ಉತ್ಸವಕ್ಕೆ ಬರುವ ಪುಸ್ತಕದ ಅಂಗಡಿಗೆ ನೆಲಬಾಡಿಗೆ ಬೇಡ. ಇದಕ್ಕೆಲ್ಲ ಕೋಟಿ ಬೇಡ, ಒಂದು ಆದೇಶ ಸಾಕು. ಅಧಿವೇಶನದಲ್ಲಿ ಕೂಗಾಡುವವರಲ್ಲಿ ಒಬ್ಬರಾದರೂ ಈ ಬಗ್ಗೆ ಎದ್ದು ನಿಂತು ಮಾತಾಡಲಿ, ನಾವು ನೇರಪ್ರಸಾರ ಮಾಡುತ್ತೇವೆ.

ಮರುದಿನ ಬೆಳಗ್ಗೆ ನಾನು ಧಾರವಾಡದಲ್ಲಿ ಪುಸ್ತಕದ ಅಂಗಡಿಗೆ ಹೋದೆ. ಹೈಸ್ಕೂಲ್ ಹುಡುಗಿಗೆ ಶರಣೆಯರ ವಚನ ಬೇಕು ಅಂದೆ. ಅಂಗಡಿಯವರು ಒಂದೇ ಪ್ರಶ್ನೆ ಕೇಳಿದರು: "ಎಷ್ಟನೇತ್ತಾ ರೀ?" ಎಂಟನೇತ್ತಾ ಅಂದೆ. ಮೂರು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಒಂದನ್ನು ತಾವೇ ಬದಿಗೆ ಸರಿಸಿ, "ಇದು ದೊಡ್ಡಾಕಿ ಆದ ಮ್ಯಾಲ ಓದ್ಲಿ" ಅಂದರು. ಉಳಿದ ಎರಡು ಕೊಂಡೆ. ಒಂದರಲ್ಲಿ ಗಂಗಾಂಬಿಕೆಯ ವಚನ ಇವೆಯೋ ಇಲ್ಲವೋ ಅಂತ ಪುಟ ತಿರುವಿ ಅವರೇ ನೋಡಿ ಖಾತ್ರಿ ಮಾಡಿದರು. ನಾನು ಅಲ್ಲಿ ಕಳೆದದ್ದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಅವರು ಮಾಡಿದ ಕೆಲಸಕ್ಕೆ ಬಿಲ್ಲಿನಲ್ಲಿ ಬೆಲೆ ಹಾಕಿರಲಿಲ್ಲ.

ಪುಸ್ತಕ ಎಂ.ಕೆ. ಹುಬ್ಬಳ್ಳಿಗೆ ಹೋದದ್ದು ಹೇಗೆ ಗೊತ್ತಾ? ಬೆಳಗಾವಿ ಕಡೆ ಹೊರಟ ಬಸ್ಸಿನ ಕಂಡಕ್ಟರ್ ಕೈಯಲ್ಲಿ. "ಸ್ಟ್ಯಾಂಡಿನ್ಯಾಗ ಮಾಸ್ತರು ನಿಂತಿರ್ತಾರ, ಕೊಟ್ಟುಬಿಡ್ರಿ" ಅಂದೆ. ಕಟ್ಟು ತೆಗೆದುಕೊಂಡು ಕಂಡಕ್ಟರ್ ಕೇಳಿದರು, "ಏನೈತ್ರಿ ಇದರಾಗ?" ಪುಸ್ತಕ ಅಂದೆ. ಕಾಲಿನ ಹತ್ತಿರ ಇಡುತ್ತಿದ್ದವರು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡರು.

ಸಂಜೆ ಮಾಸ್ತರ ಫೋನು ಬಂತು. "ಮುಟ್ಟಿತ್ರೀ. ಆಕಿ ಹೆಸರು ಬರಕೊಂಡಾಳ ಮೊದಲನೇ ಪುಟದಾಗ."

ಪ್ರೇಕ್ಷಕರೇ, ಈ ವಾರ ನಿಮ್ಮ ಊರಿನ ಹತ್ತಿರದ ಪುಸ್ತಕದ ಅಂಗಡಿ ಯಾವುದು ಅಂತ ಒಮ್ಮೆ ಹುಡುಕಿ. ಇದ್ದರೆ ಒಳಗೆ ಹೋಗಿ, ಹೆಸರು ಕೇಳದ ಒಬ್ಬ ಲೇಖಕನ ಪುಸ್ತಕ ಒಂದನ್ನು ಕೊಂಡು ತನ್ನಿ. ಮುಚ್ಚಿಹೋಗಿದ್ದರೆ ಯಾವಾಗ ಮುಚ್ಚಿತು ಅಂತ ಪಕ್ಕದ ಅಂಗಡಿಯವರನ್ನು ಕೇಳಿ ನಮಗೆ ತಿಳಿಸಿ. ಬಂಗಾರದ ರೇಟಿನ ಜೊತೆ ಇನ್ನು ಮೇಲೆ ಅದನ್ನೂ ಹೇಳೋಣ.